ಬಾಗಿಲೇನೂ ಕೆಟ್ಟಿಲ್ಲ

ಅವನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ಸಡಿಲವಾದ ಕಡ್ಡಿ ಬಿಗಿ ಮಾಡುವುದರಲ್ಲಿ, ಮೂಗಿನ ಮೇಲೆ ಕೂರುವ ಪುಟ್ಟ ಗುಂಡಿ ಬದಲಿಸುವುದರಲ್ಲಿ, ಸಾಸಿವೆಗಿಂತ ಚಿಕ್ಕ ಸ್ಕ್ರೂ ನೆಲಕ್ಕೆ ಬಿದ್ದರೆ ಉಸಿರು ಬಿಗಿಹಿಡಿದು ಹುಡುಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮನುಷ್ಯ ಅಷ್ಟಕ್ಕೇ ನಿಂತಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಒಮ್ಮೆ ಎದುರುಮನೆಯಾಕೆಯ ಹೊಲಿಗೆ ಯಂತ್ರ ಮುಷ್ಕರ ಹೂಡಿತು. ಇವನು ಹೋಗಿ ಅದನ್ನು ಸುತ್ತಲೂ ನೋಡಿ, ಏನೂ ತಿಳಿಯದೆ, ಬೆನ್ನಿನ ಮೇಲೊಂದು ಏಟು ಕೊಟ್ಟ. ಅದು ಹೆದರಿಕೊಂಡೋ ಏನೋ, ತಟತಟನೆ ಓಡತೊಡಗಿತು. ಅಂದಿನಿಂದ ಬೀದಿಯವರ ಬಾಯಲ್ಲಿ ಅವನು ಇಂಜಿನಿಯರ್ ಆದ. ಅವನೂ ಬೇಡವೆನ್ನಲಿಲ್ಲ. ಬಿಟ್ಟಿ ಬಂದ ಪದವಿಯನ್ನು ಬೇಡವೆನ್ನುವುದಕ್ಕೆ ದೊಡ್ಡ ಮನಸ್ಸು ಬೇಕು. ಇವನದು ಮಧ್ಯಮ ಗಾತ್ರದ ಮನಸ್ಸು.

ಆಮೇಲಾಮೇಲೆ ಅವನಿಗೆ ಲೋಕದ ಯಂತ್ರಗಳೆಲ್ಲ ದೊಡ್ಡ ಸೈಜಿನ ಕನ್ನಡಕಗಳೇ ಎನಿಸತೊಡಗಿತು. ಎಲ್ಲಿ ಸಡಿಲವೋ ಅಲ್ಲಿ ಬಿಗಿ ಮಾಡು, ಎಲ್ಲಿ ಬಿಗಿಯೋ ಅಲ್ಲಿ ಸಡಿಲಿಸು. ಶಾಸ್ತ್ರ ಮುಗಿಯಿತು.

ಅವನ ಮನೆಗೊಂದು ಗ್ಯಾರೇಜ್ ಇತ್ತು. ಕಾರು ಇರಲಿಲ್ಲ. ಕಾರಿನ ಜಾಗದಲ್ಲಿ ಒಂದು ಸ್ಕೂಟರ್, ಕಾಲು ಮುರಿದ ಮಂಚ, ಬಟ್ಟೆ ಒಗೆಯುವ ಯಂತ್ರ ಸಂಸಾರ ಹೂಡಿದ್ದವು. ಗ್ಯಾರೇಜಿನ ಬಾಗಿಲು ಹಳೇ ಕಾಲದ್ದು: ಮೇಲಕ್ಕೆ ತಳ್ಳಿದರೆ ಹಲಗೆ ಹಲಗೆಯಾಗಿ ಮಡಚಿಕೊಂಡು ಎರಡು ಹಳಿಗಳ ಮೇಲೆ ಜಾರಿ ಸೂರಿನ ಕೆಳಗೆ ಮಲಗುವಂಥದು. ಅದರ ಭಾರವನ್ನು ಎರಡು ಪಕ್ಕದಲ್ಲಿ ಎರಡು ಉದ್ದನೆಯ ಸ್ಪ್ರಿಂಗುಗಳೂ, ರಾಟೆಯ ಮೇಲೆ ಹಾಯ್ದು ಬರುವ ಎರಡು ಉಕ್ಕಿನ ಕೇಬಲ್ಲುಗಳೂ ಹೊರುತ್ತಿದ್ದವು. ಎಡಗಡೆಯ ಕೇಬಲ್ಲಿನ ಎಳೆಗಳು ಒಂದೊಂದಾಗಿ ಬಿಟ್ಟುಕೊಂಡು, ಅದು ಬಾಚದ ತಲೆಯಂತೆ ಕೆದರಿತ್ತು. ಬಾಗಿಲು ರಿಪೇರಿಯವನನ್ನು ಕರೆಸು ಎಂದು ಹೆಂಡತಿ ಹೇಳಿ ಹೇಳಿ ಸುಸ್ತಾಗಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸ್; ಹೇಳಿದ ಮಾತು ಕೇಳದ ರೋಗಿಗಳನ್ನು ಕಂಡು ಅಭ್ಯಾಸವಿತ್ತು. ಇಂಜಿನಿಯರ್ ತಾನೇ ಅಂಗಡಿಗೆ ಹೋಗಿ ಹೊಸ ಕೇಬಲ್ ತಂದಿಟ್ಟ. ಇಷ್ಟಕ್ಕೆಲ್ಲ ಪರರ ಕೈ ಕಾಯುವುದು ಮನೆತನಕ್ಕೆ ಶೋಭೆಯಲ್ಲ ಎಂದೂ ಹೇಳಿದ. ನಾನು ಬರುವ ತನಕ ಅದನ್ನು ಮುಟ್ಟಬೇಡ ಎಂದು ಆ ಭಾನುವಾರ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಅವಳು ತಾಕೀತು ಮಾಡಿದಳು. ಗಂಡ ತಲೆಯಾಡಿಸಿದ. ತಲೆಯಾಡಿಸುವುದು ಬೇರೆ, ಕೇಳುವುದು ಬೇರೆ ಎಂಬುದು ಸಂಸಾರಸ್ಥರಿಗೆಲ್ಲ ಗೊತ್ತು.

ಅವಸರಕ್ಕೆ ಒಂದು ಕಾರಣವೂ ಇತ್ತು. ಮಧ್ಯಾಹ್ನ ಹೆಂಡತಿಯ ಅಣ್ಣ ಬರುವವನಿದ್ದ. ಈ ಭಾವ ಸರಕು ಸಾಗಣೆ ಕಂಪನಿಯ ಮ್ಯಾನೇಜರ್. ಅಮ್ಮನನ್ನು ಅರ್ಧ ವರ್ಷ ತಂಗಿಯ ಮನೆಯಲ್ಲಿ, ಅರ್ಧ ವರ್ಷ ತನ್ನ ಮನೆಯಲ್ಲಿ ಇಟ್ಟುಕೊಳ್ಳುವ ಏರ್ಪಾಡು ಅವನದೇ. ಅವಧಿ ಮುಗಿದ ಕೂಡಲೇ ಕಾರು ತಂದು, ಅಮ್ಮನನ್ನೂ ಸೂಟ್‌ಕೇಸನ್ನೂ ಸರಿಯಾಗಿ ಏರಿಸಿಕೊಂಡು ಹೋಗುತ್ತಿದ್ದ. ಬಂದಾಗಲೆಲ್ಲ ಆ ಕೆದರಿದ ಕೇಬಲ್ಲನ್ನು ನೋಡಿ, ತಂಗಿಯ ಗಂಡನ ಮುಖ ನೋಡಿ, ಮುಗುಳ್ನಗುತ್ತಿದ್ದ. ಆ ನಗು ಇಂಜಿನಿಯರನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಅತ್ತೆ ಆಗ ಗ್ಯಾರೇಜಿನೊಳಗೆ ಯಂತ್ರದಿಂದ ಒಗೆದ ಬಟ್ಟೆ ತೆಗೆಯುತ್ತಿದ್ದರು. ಅವರು ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಮಾತೆಲ್ಲ ಕಿವಿಯಲ್ಲಿ ಹಾದುಹೋದರೂ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳುವ ತಪಸ್ಸು ಅವರಿಗೆ ಸಿದ್ಧಿಸಿತ್ತು. ಅಳಿಯ ಬಾಗಿಲನ್ನು ಎದೆಯ ಮಟ್ಟಕ್ಕೆ ಇಳಿಸಿ, ಜೇಬಿನಿಂದ ಕನ್ನಡಕದ ಸ್ಕ್ರೂಡ್ರೈವರ್ ತೆಗೆದು, ಕೇಬಲ್ಲಿನ ಬುಡಕ್ಕೆ ಕೈ ಹಾಕಿದ್ದನ್ನು ಅವರು ನೋಡಿದರು. ಬೇಡಪ್ಪ ಎನ್ನಬೇಕೆಂದುಕೊಂಡರು. ಅಷ್ಟರಲ್ಲಿ ಟಣ್ ಎಂದಿತು.

ಉಳಿದ ಎಳೆಗಳೂ ಹರಿದು ಕೇಬಲ್ ಹಾವಿನಂತೆ ಸುಯ್ಯೆಂದು ಮೇಲಕ್ಕೆ ಓಡಿತು. ಇಂಜಿನಿಯರ್ ತನ್ನ ಜೀವಮಾನದಲ್ಲೇ ಹಾರದಷ್ಟು ದೂರ ಹಿಂದಕ್ಕೆ ಹಾರಿದ. ಬಾಗಿಲು ಎಡಗಡೆಗೆ ವಾಲಿ ಧೊಪ್ಪನೆ ಇಳಿಯಿತು. ಎಡಮೂಲೆ ನೆಲಕ್ಕೆ ಕಚ್ಚಿತು. ಬಲಮೂಲೆ ನೆಲದಿಂದ ಗೇಣೆತ್ತರದಲ್ಲಿ ನಿಂತಿತು. ಗಾಲಿಗಳು ಹಳಿಯಲ್ಲಿ ಸಿಕ್ಕಿಕೊಂಡವು. ಆ ಗೇಣು ಸಂದಿಯಲ್ಲಿ ಅತ್ತೆಯ ಎರಡು ಚಪ್ಪಲಿ ಮಾತ್ರ ಕಾಣುತ್ತಿದ್ದವು. ಗ್ಯಾರೇಜಿಗೆ ಬೇರೆ ಬಾಗಿಲಿರಲಿಲ್ಲ.

ಏಟಾಯಿತೇ ಎಂದು ಅಳಿಯ ಸಂದಿಗೆ ಬಾಯಿಟ್ಟು ಕೇಳಿದ. ನನಗೇನೂ ಇಲ್ಲ, ನಿನಗೆ ಹೇಗಿದೆ ಎಂದು ಒಳಗಿನಿಂದ ಉತ್ತರ ಬಂತು. ಅವನು ಬಾಗಿಲನ್ನು ಎತ್ತಲು ನೋಡಿದ, ಹೆಗಲು ಕೊಟ್ಟ, ಕೊನೆಗೆ ಹೊಲಿಗೆ ಯಂತ್ರದ ಚಿಕಿತ್ಸೆ ನೆನಪಾಗಿ ಒಂದು ಏಟೂ ಕೊಟ್ಟ. ಬಾಗಿಲು ಹೊಲಿಗೆ ಯಂತ್ರದಷ್ಟು ಅಂಜುಬುರುಕಿಯಲ್ಲ.

ಸದ್ದು ಕೇಳಿ ಎದುರುಮನೆಯಾಕೆ ಗಿಡಕ್ಕೆ ನೀರು ಹಾಕುವ ಪಾತ್ರೆ ಹಿಡಿದುಕೊಂಡೇ ರಸ್ತೆ ದಾಟಿ ಬಂದಳು. ಏನಾಯಿತೆಂದು ಕೇಳಿದಳು. ಇಡೀ ಬೀದಿಯಲ್ಲಿ ಅವನನ್ನು ಮೊದಲು ಇಂಜಿನಿಯರ್ ಎಂದು ಕರೆದವಳು ಅವಳೇ. ಅವಳ ಮುಂದೆ ಬಾಗಿಲು ಮುರಿದೆ ಎನ್ನಲು ನಾಲಿಗೆ ಏಳಲಿಲ್ಲ.

"ಏನಿಲ್ಲ. ಬಾಗಿಲೇನೂ ಕೆಟ್ಟಿಲ್ಲ. ನಾನೇ ಬೇಕೂಂತ ಇಳಿಸಿದೀನಿ," ಎಂದ.

ಅಷ್ಟರಲ್ಲಿ ಒಳಗೆ ಅತ್ತೆ ಕೆಮ್ಮಿದರು. ಎದುರುಮನೆಯಾಕೆ ಬಗ್ಗಿ ಚಪ್ಪಲಿ ನೋಡಿದಳು.

"ಒಳಗಡೆ ಯಾರು?"

"ನಮ್ಮತ್ತೆ."

"ಎಷ್ಟು ಹೊತ್ತು ಹೀಗೇ?"

ಎತ್ತಲು ಇನ್ನೊಂದು ಜೊತೆ ಕೈ ಬೇಕಲ್ಲ ಎಂಬ ಯೋಚನೆಯಲ್ಲಿದ್ದ ಇಂಜಿನಿಯರ್, "ಅವರ ಮಗ ಬರೋ ತನಕ," ಎಂದುಬಿಟ್ಟ.

ಆಕೆ ಮತ್ತೇನೂ ಕೇಳಲಿಲ್ಲ. ಕೇಳಲು ಉಳಿದಿದ್ದಾದರೂ ಏನು? ನೀರಿನ ಪಾತ್ರೆಯನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು, ಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬೇಲಿಯಾಚೆಗೆ. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಬೀದಿಯದು. ಇಲ್ಲಿ ಹೊರಟದ್ದೇ ಹುಲಿ. ಮೊದಲ ಮನೆಯಲ್ಲಿ ಇಂಜಿನಿಯರ್ ಅತ್ತೆಯನ್ನು ಕೂಡಿಹಾಕಿದ್ದ. ಮೂರನೆಯ ಮನೆಯಲ್ಲಿ ಅನ್ನ ನೀರು ನಿಲ್ಲಿಸಿದ್ದ. ಬೀದಿಯ ಕೊನೆಗೆ ಮುಟ್ಟುವ ಹೊತ್ತಿಗೆ ಅತ್ತೆಗೆ ಪ್ರಜ್ಞೆ ತಪ್ಪಿ, ಚಪ್ಪಲಿ ಮಾತ್ರ ಉಳಿದಿತ್ತು.

ಇತ್ತ ಪ್ರಜ್ಞೆ ತಪ್ಪಿದ ಅತ್ತೆ ಮಂಚದ ಮೇಲೆ ಕೂತು, ಸಂದಿಯಿಂದ ಅಳಿಯ ತಳ್ಳಿದ ಚಹಾ ಕುಡಿಯುತ್ತ, ಬಟ್ಟೆ ಮಡಚುತ್ತಿದ್ದರು. ಬೀದಿಯ ಮಾತೆಲ್ಲ ಆ ಸಂದಿಯಿಂದ ಒಳಗೆ ಬರುತ್ತಿತ್ತು. ನಿವೃತ್ತಿಯ ನಂತರ ಅವರಿಗೆ ಇಂಥ ಸ್ಪಷ್ಟವಾದ ಲೈನು ಸಿಕ್ಕಿರಲಿಲ್ಲ.

ಪಕ್ಕದ ಮನೆಯ ವಕೀಲರು ಕೋಟು ತೊಟ್ಟುಕೊಂಡೇ ಬಂದರು. ಭಾನುವಾರ ಕೋಟು ಏಕೆಂದು ಕೇಳಬಾರದು. ಇಂಥ ಅವಕಾಶ ಅವರಿಗೆ ಕೋರ್ಟಿನಲ್ಲಿ ಸಿಕ್ಕುತ್ತಿರಲಿಲ್ಲ. ಇಂಜಿನಿಯರನ ಹೆಗಲ ಮೇಲೆ ಕೈಯಿಟ್ಟು, ಯಾರನ್ನಾದರೂ ಅವರ ಇಚ್ಛೆಗೆ ವಿರುದ್ಧವಾಗಿ ಕೂಡಿಹಾಕುವುದು ಎಷ್ಟು ದೊಡ್ಡ ಅಪರಾಧವೆಂದು ಮೆಲುದನಿಯಲ್ಲಿ ವಿವರಿಸಿದರು. ಅರ್ಧ ಮಾತು ಇಂಜಿನಿಯರನ ತಲೆಗೆ ಹೋಗಲಿಲ್ಲ. ಅವನ ಮನಸ್ಸು ರಾಟೆಯ ಮೇಲಿತ್ತು.

"ಇರಲಿ, ನಿಮ್ಮ ಬೇಡಿಕೆ ಏನು ಹೇಳಿ," ಎಂದರು ವಕೀಲರು.

ಪುಣ್ಯಾತ್ಮ ಸಹಾಯ ಮಾಡಲು ಬಂದಿದ್ದಾನೆ ಎಂದುಕೊಂಡ ಇವನು. "ಗಟ್ಟಿಯಾದ ಏಣಿ ಒಂದು, ಕಚ್ಚಿ ಹಿಡಿಯೋ ಕ್ಲ್ಯಾಂಪು ಎರಡು, ನಾಲ್ಕು ಜನ ಗಂಡಾಳು. ಅಷ್ಟು ಸಾಕು."

ವಕೀಲರು ಬೆರಳು ಮಡಚಿ ಲೆಕ್ಕ ಹಿಡಿದರು. ಇಷ್ಟು ವಿಚಿತ್ರವಾದ ಬೇಡಿಕೆಯನ್ನು ಅವರು ಕೇಳಿರಲಿಲ್ಲ. "ಈಡೇರದಿದ್ರೆ?"

"ಈಡೇರದಿದ್ರೆ ಒಳಗಿರೋರ ಗತಿ ನನ್ನ ಕೈಲಿಲ್ಲ."

ವಕೀಲರ ಮುಖ ಬಿಳಚಿಕೊಂಡಿತು. ಅವರು ಮೊಣಕಾಲೂರಿ, ಕೋಟಿನ ತುದಿ ಎತ್ತಿಕೊಂಡು, ಚಪ್ಪಲಿಗಳನ್ನು ಉದ್ದೇಶಿಸಿ ಅಮ್ಮಾ ಎಂದರು. ನೀವು ನಿಮ್ಮ ಇಷ್ಟದಿಂದ ಒಳಗಿದ್ದೀರಾ ಎಂದು ಕೇಳಿದರು. ಹೌದಪ್ಪ, ಸುಖವಾಗಿದ್ದೀನಿ, ಅಳಿಯ ಚಹಾ ಕೊಟ್ಟಿದ್ದಾನೆ ಎಂದಿತು ಒಳಗಿನ ದನಿ. ವಕೀಲರು ಎದ್ದು, ಸುತ್ತ ಸೇರಿದ್ದ ಜನಕ್ಕೆ, ಬೆದರಿಕೆಗೆ ಒಳಗಾದವರೆಲ್ಲ ಹೀಗೇ ಹೇಳುವುದು ಎಂದು ತಿಳಿಸಿದರು. ಜನ ಚಹಾದ ಖಾಲಿ ಲೋಟವನ್ನು ಅನುಮಾನದಿಂದ ನೋಡಿದರು.

ಎದುರುಮನೆಯಾಕೆ ಮಾಡಿದ ಫೋನಿನ ಫಲವಾಗಿ ಪೊಲೀಸ್ ಜೀಪು ಬಂತು. ಇಳಿದವರು ಇನ್‌ಸ್ಪೆಕ್ಟರ್ ಮೇಡಂ. ಹಿಂದೆ ಒಬ್ಬ ಹೆಡ್ ಕಾನ್‌ಸ್ಟೇಬಲ್. ಮೇಡಂಗೆ ಭಾರಿ ಗತ್ತು. ಆದರೆ ಪ್ರತಿ ಪ್ರಶ್ನೆಗೂ ಕನ್ನಡಕ ಮೂಗಿನ ಮೇಲಿಂದ ಜಾರುತ್ತಿತ್ತು. ಅದನ್ನು ಮೇಲೇರಿಸುವಷ್ಟರಲ್ಲಿ ಗತ್ತು ಅರ್ಧ ಇಳಿಯುತ್ತಿತ್ತು. ನಿಮ್ಮ ಹೆಸರೇನು, ಜಾರಿತು. ಒಳಗಿರುವವರು ಏನಾಗಬೇಕು, ಜಾರಿತು. ಇಂಜಿನಿಯರ್‌ಗೆ ಸಹಿಸಲಾಗಲಿಲ್ಲ. ಅವನು ಜೇಬಿಗೆ ಕೈ ಹಾಕಿ ಸ್ಕ್ರೂಡ್ರೈವರ್ ಹೊರತೆಗೆದ.

ಹೆಡ್ ಕಾನ್‌ಸ್ಟೇಬಲ್ ಹಾರಿಬಂದು ಅವನ ಕೈ ತಿರುಚಿ ಹಿಡಿದ. ಜನ ಎರಡು ಹೆಜ್ಜೆ ಹಿಂದೆ ಸರಿದರು. ಆಯುಧವನ್ನು ಬೆಳಕಿಗೆ ಹಿಡಿದು ನೋಡಿದರೆ ಅದು ಹಲ್ಲುಕಡ್ಡಿಯಷ್ಟಿತ್ತು. ಮೇಡಂ ಕನ್ನಡಕ ಸಡಿಲ ಆಗಿದೆ, ಒಂದು ಸುತ್ತು ತಿರುಗಿಸಿದರೆ ಸಾಕು ಎಂದು ಆರೋಪಿ ನೋವಿನಲ್ಲೂ ವಿನಯದಿಂದ ಹೇಳಿದ. ಮೇಡಂ ಸ್ವಲ್ಪ ಯೋಚಿಸಿ ಕನ್ನಡಕ ಬಿಚ್ಚಿ ಕೊಟ್ಟರು. ಅವನು ಬಿಗಿ ಮಾಡಿ, ಅಂಗಿಯ ಅಂಚಿನಲ್ಲಿ ಗಾಜು ಒರೆಸಿ, ಎರಡೂ ಕೈಯಲ್ಲಿ ಒಪ್ಪಿಸಿದ. ವಿಚಾರಣೆ ಮುಂದುವರಿಯಿತು, ಕನ್ನಡಕ ಮತ್ತೆ ಜಾರಲಿಲ್ಲ.

ಈ ಹದವಾದ ಸಮಯಕ್ಕೆ ಭಾವನ ಕಾರು ಬಂತು. ಇಳಿಯುವ ಮೊದಲೇ ಅವನ ಕಿವಿಗೆ ನಾಲ್ಕು ಬಗೆಯ ಕಥೆ ಬಿದ್ದಿತ್ತು. ನಾಲ್ಕನ್ನೂ ನಂಬಿಕೊಂಡು, ಜನರನ್ನು ಸೀಳಿಕೊಂಡು ಬಂದು, ಅಮ್ಮನನ್ನು ಬಿಡು ಎಂದು ಗುಡುಗಿದ. ನನಗೆ ಆರು ತಿಂಗಳಿನಿಂದಲೂ ನಿನ್ನ ಮೇಲೆ ಅನುಮಾನವಿತ್ತು ಎಂದೂ ಹೇಳಿದ. ಯಾವ ಅನುಮಾನ ಎಂಬುದು ಅವನಿಗೂ ಹೊಳೆಯಲಿಲ್ಲ. ಆದರೂ ಹೇಳಿದ ರೀತಿಗೆ ಎದುರುಮನೆಯಾಕೆ ತಲೆದೂಗಿದಳು.

ಮೇಡಂ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಒಂದೇ ಪ್ರಶ್ನೆ. ಈ ಬಾಗಿಲು ಕೆಟ್ಟಿದೆಯೋ, ನೀವೇ ಮುಚ್ಚಿದ್ದೋ?"

ಎಂಥ ಸುಲಭವಾದ ಪ್ರಶ್ನೆ. ಕೆಟ್ಟಿದೆ ಎಂದರೆ ಮನೆಯಲ್ಲೇ ಉಳಿಯಬಹುದು. ಆದರೆ ಭಾವ ಎದುರಿಗೇ ಇದ್ದ. ಅವನ ಕಣ್ಣು ನೆಲಕ್ಕೆ ಕಚ್ಚಿದ್ದ ಎಡಮೂಲೆಯ ಕಡೆ ಹೊರಳುತ್ತಿತ್ತು. ತುಟಿಯಲ್ಲಿ ಆ ಮುಗುಳ್ನಗೆ ಮೊಳೆಯುವುದರಲ್ಲಿತ್ತು. ಬೀದಿಗೆ ಬೀದಿಯೇ ನಿಂತು ನೋಡುತ್ತಿತ್ತು. ಒಂದು ಕಡೆ ಜೈಲು, ಇನ್ನೊಂದು ಕಡೆ ನಗು. ನಮ್ಮ ಇಂಜಿನಿಯರ್ ಎರಡನ್ನೂ ತೂಗಿ ನೋಡಿದ. ಜೈಲು ಹಗುರವಾಗಿ ಕಂಡಿತು.

"ಬಾಗಿಲೇನೂ ಕೆಟ್ಟಿಲ್ಲ ಮೇಡಂ. ನಾನೇ ಮುಚ್ಚಿದ್ದು."

"ಯಾಕೆ?"

ಬಾಯಿಗೆ ಬಂದದ್ದನ್ನು ಹೇಳಿದ. "ಅತ್ತೆ ಹೋಗೋದು ಬೇಡ ಅಂತ. ಅವರಿದ್ರೆ ಮನೆ ಮನೆಯಂಗಿರುತ್ತೆ."

ಒಳಗೆ ಬಟ್ಟೆ ಮಡಚುವ ಸದ್ದು ನಿಂತಿತು. ಆಪರೇಟರ್ ಆಗಿದ್ದಷ್ಟು ಕಾಲವೂ ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕದ ಹೆಂಗಸು ಅವರು. ಈಗ ಚಪ್ಪಲಿಗಳು ಸಂದಿಯ ತೀರ ಹತ್ತಿರ ಬಂದವು.

"ಅವನನ್ನ ಬಿಡಿ ಮೇಡಂ. ಅವನದೇನೂ ತಪ್ಪಿಲ್ಲ. ಬಾಗಿಲು ಕೆಡಿಸಿದ್ದು ನಾನು."

"ಅತ್ತೆ, ಬಾಗಿಲು ಕೆಟ್ಟಿಲ್ಲ," ಎಂದ ಅಳಿಯ.

"ಕೆಟ್ಟಿದೆ ಕಣಪ್ಪ. ನಾನೇ ಕಿತ್ತಿದ್ದು. ನೀನು ರಿಪೇರಿ ಮಾಡೋಕೆ ಬಂದೆ."

ಕೆಟ್ಟಿಲ್ಲ, ಕೆಟ್ಟಿದೆ ಎಂದು ಇಬ್ಬರೂ ಬಾಗಿಲಿನ ಎರಡು ಕಡೆಯಿಂದ ವಾದಕ್ಕಿಳಿದರು. ತಪ್ಪೊಪ್ಪಿಗೆಗೆ ಇಷ್ಟೊಂದು ಪೈಪೋಟಿ ಮೇಡಂ ತಮ್ಮ ನೌಕರಿಯಲ್ಲಿ ಕಂಡಿರಲಿಲ್ಲ. ವಕೀಲರು ಯಾರ ಪರ ನಿಲ್ಲಬೇಕೆಂದು ತಿಳಿಯದೆ ಕೋಟಿನ ಗುಂಡಿ ಹಾಕುತ್ತ ತೆಗೆಯುತ್ತ ನಿಂತರು. ಭಾವ ಮಾತ್ರ ಅಮ್ಮನ ಮಾತಿಗೆ ಕಕ್ಕಾಬಿಕ್ಕಿಯಾದ. ನೀನು ಯಾಕಮ್ಮ ಬಾಗಿಲು ಕೀಳಬೇಕು ಎಂದು, ಗುಡುಗು ಬಿಟ್ಟ ದನಿಯಲ್ಲಿ ಕೇಳಿದ.

ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮುಗಿಸಿದರು. ಆಮೇಲೆ ಹೇಳಿದರು. "ನಿನ್ನ ಮನೆಗೆ ಬರೋಕೆ ಮನಸ್ಸಿರಲಿಲ್ಲ ಮಗ. ನೀವೆಲ್ಲ ಒಳ್ಳೆಯವರೇ. ಆದ್ರೆ ಆ ಮನೇಲಿ ಒಬ್ಬೊಬ್ಬರು ಒಂದೊಂದು ರೂಮಲ್ಲಿ. ಬೆಳಗಿಂದ ಸಂಜೆ ತನಕ ಮಾತೇ ಕೇಳಲ್ಲ. ಇಲ್ಲಿ ನೋಡು, ಬಾಗಿಲು ಹಾಕಿದ್ರೂ ಎಷ್ಟು ಮಾತು."

ಅಲ್ಲಿದ್ದ ಎಲ್ಲರೂ ತಮ್ಮನ್ನೇ ಹೊಗಳಿದಂತೆ ಹಿಗ್ಗಿದರು. ಭಾವ ಮಾತ್ರ ಕಾರಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡ.

ಆಗ ಗುಂಪಿನ ಹಿಂದಿನಿಂದ ದಾರಿ ಬಿಡಿ ಎಂಬ ದನಿ ಬಂತು. ಎಲ್ಲರೂ ತಾವಾಗಿಯೇ ಬಿಟ್ಟರು. ಇಂಜಿನಿಯರನ ಹೆಂಡತಿ ಡ್ಯೂಟಿ ಮುಗಿಸಿ, ಬಿಳಿ ಉಡುಪಿನಲ್ಲೇ ಬಂದಿದ್ದಳು. ಜೀಪು, ವಕೀಲ, ಅಣ್ಣ, ಚಪ್ಪಲಿ ಎಲ್ಲವನ್ನೂ ಒಂದು ಸಲ ನೋಡಿದಳು. ಅಮ್ಮನಿಗೆ ಏಟಾಗಿಲ್ಲವೆಂದು ಕೇಳಿ ತಿಳಿದುಕೊಂಡಳು. ಆಮೇಲೆ ವಾರ್ಡಿನಲ್ಲಿ ಕೇಳುವ ದನಿಯಲ್ಲಿ ಕೇಳಿದಳು.

"ಹರಿದದ್ದು ಯಾವ ಕಡೆ ಕೇಬಲ್ಲು?"

"ಎಡಗಡೆದು," ಎಂದ ಗಂಡ.

"ಎರಡೂ," ಎಂದರು ಅಮ್ಮ, ಅದೇ ಕ್ಷಣಕ್ಕೆ.

ಮೇಡಂ ಇನ್ನೂ ಗೇಣೆತ್ತರದಲ್ಲೇ ನಿಂತಿದ್ದ ಬಲಮೂಲೆ ನೋಡಿದರು. ಹೆಡ್ ಕಾನ್‌ಸ್ಟೇಬಲ್ ನೋಡಿದ. ಬೀದಿಯೂ ನೋಡಿತು. ಯಾರು ಕೆಡಿಸಿದ್ದು, ಯಾರು ಸುಳ್ಳು ಹೇಳಿದ್ದು ಎಂಬುದಕ್ಕೆ ಮತ್ತೆ ಸಾಕ್ಷಿ ಬೇಕಾಗಲಿಲ್ಲ. ಇಂಜಿನಿಯರನ ಕಿವಿ ಕೆಂಪಾದವು. ಮುಟ್ಟಬೇಡ ಅಂದಿದ್ದೆನಲ್ಲ ಎಂದು ಹೆಂಡತಿ ಅನ್ನಲಿಲ್ಲ, ಸುಮ್ಮನೆ ನೋಡಿದಳು. ಅಂದಿದ್ದರೇ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ಅವಳದೇ ಕಾರುಬಾರು. ಮುರಿದ ಕಾಲಿಗೆ ಮೊದಲು ಆಸರೆ ಕೊಡಬೇಕು, ಆಮೇಲೆ ಕಟ್ಟು ಎಂದಳು. ಭಾವ ಕಾರಿನಿಂದ ಜಾಕ್ ತಂದ. ಅದನ್ನು ಎಡಮೂಲೆಯ ಕೆಳಗೆ ಕೊಟ್ಟು, ಬಾಗಿಲು ನೆಟ್ಟಗಾಗುವ ತನಕ ಸ್ವಲ್ಪ ಸ್ವಲ್ಪವೇ ಏರಿಸಿದರು. ಗಾಲಿಗಳು ಹಳಿಯಲ್ಲಿ ಸರಿಯಾಗಿ ಕೂತವು. ಅತ್ತೆಯನ್ನು ಹಿಂದಿನ ಗೋಡೆಗೆ ಸರಿಯಲು ಹೇಳಿ, ವಕೀಲರು ಕೋಟು ಬಿಚ್ಚಿ ಒಂದು ಕಡೆ, ಭಾವ ಇನ್ನೊಂದು ಕಡೆ, ನಡುವೆ ಹೆಡ್ ಕಾನ್‌ಸ್ಟೇಬಲ್, ಇಂಜಿನಿಯರ್ ನಿಂತು, ಮೇಡಂ ಒಂದು ಎರಡು ಮೂರು ಎಂದಾಗ ಬಾಗಿಲನ್ನು ಎತ್ತಿ ಸೂರಿನ ಕೆಳಗೆ ನೂಕಿದರು. ಎರಡೂ ಹಳಿಗೆ ಗಾಲಿಯ ಕೆಳಗೆ ಕ್ಲ್ಯಾಂಪು ಕಚ್ಚಿಸಿದರು. ಕ್ಲ್ಯಾಂಪು, ಏಣಿ ವಕೀಲರ ಮನೆಯವು. ಆರೋಪಿಯ ಬೇಡಿಕೆಗಳೆಲ್ಲ ಹೀಗೆ ಈಡೇರಿದವು.

ಅತ್ತೆ ಮಡಚಿದ ಬಟ್ಟೆಯ ಗೋಪುರವನ್ನು ಎದೆಗವಚಿಕೊಂಡು ಹೊರಬಂದರು. ಜನ ಅವರ ಕೈಕಾಲು ನೆಟ್ಟಗಿರುವುದನ್ನು ನೋಡಿ ಒಂದಿಷ್ಟು ನಿರಾಶರಾದರು. ಅತ್ತೆ ಎದುರುಮನೆಯಾಕೆಗೆ ಮಾತ್ರ, ನೀವು ಮೂರನೇ ಮನೆಯಲ್ಲಿ ಹೇಳಿದ್ದಕ್ಕಿಂತ ಮೊದಲನೇ ಮನೆಯಲ್ಲಿ ಹೇಳಿದ್ದೇ ಚೆನ್ನಾಗಿತ್ತು ಎಂದರು. ಆಕೆ ಬಿಟ್ಟುಹೋಗಿದ್ದ ನೀರಿನ ಪಾತ್ರೆ ಎತ್ತಿಕೊಂಡು ಬೇಗ ಬೇಗ ನಡೆದಳು.

ಬಾಗಿಲು ಮೇಲಿದ್ದುದರಿಂದ ಸ್ಪ್ರಿಂಗುಗಳು ಸಡಿಲಾಗಿ ತೂಗುತ್ತಿದ್ದವು. ಹೊಸ ಕೇಬಲ್ ಹಾಕುವ ಕೆಲಸ ಉಳಿಯಿತು. ತುದಿಯನ್ನು ರಾಟೆಯಲ್ಲಿ ಹಾಯಿಸಿ, ಕೊಕ್ಕೆಗೆ ಸಿಕ್ಕಿಸಿ, ಚಿಕ್ಕ ನಟ್ಟುಗಳನ್ನು ಬಿಗಿಯಬೇಕು. ವಕೀಲರ ದಪ್ಪ ಬೆರಳು ಅಲ್ಲಿ ತೂರಲಿಲ್ಲ. ಭಾವನ ಕೈಯಿಂದ ನಟ್ಟು ಎರಡು ಸಲ ಉರುಳಿತು. ಇಂಜಿನಿಯರ್ ಯಾರನ್ನೂ ಕೇಳದೆ ಏಣಿ ಹತ್ತಿದ. ಎಡಗಡೆ ಮುಗಿಸಿ, ಬಲಗಡೆಯದೂ ಸವೆದಿದೆ ಎಂದು ಉಳಿದ ಕೇಬಲ್ಲಿನಲ್ಲಿ ಅದನ್ನೂ ಬದಲಿಸಿದ. ಎರಡೂ ಒಂದೇ ಬಿಗಿ ಇದೆಯೇ ಎಂದು ಕನ್ನಡಕದ ಕಡ್ಡಿ ನೋಡುವಂತೆ ಒಂದು ಕಣ್ಣು ಮುಚ್ಚಿ ನೋಡಿದ. ಕ್ಲ್ಯಾಂಪು ತೆಗೆದು ಇಳಿಸಿದರೆ ಬಾಗಿಲು ಎರಡು ಬೆರಳಿನ ಮಾತು ಕೇಳಿತು.

ಭಾವ ಅದನ್ನು ಒಂದು ಸಲ ಇಳಿಸಿ, ಒಂದು ಸಲ ಏರಿಸಿ ನೋಡಿದ. ನಗಲಿಲ್ಲ. ಅಂದು ಅವನು ಖಾಲಿ ಕಾರಿನಲ್ಲಿ ಹೊರಡುವವನಿದ್ದ, ಆದರೆ ಬೇಗ ಹೊರಡಲಿಲ್ಲ. ಅಮ್ಮನ ಪಕ್ಕ ಮುರಿದ ಮಂಚದ ಮೇಲೆ ಕೂತ. ಮೊದಲು ಮಾತು ಸಿಗದೆ ಟೈರಿನ ದರದ ಬಗ್ಗೆ ಹೇಳಿದ. ಅಮ್ಮ ಅದನ್ನೂ ಆಸೆಯಿಂದ ಕೇಳಿದರು. ಕತ್ತಲಾಗುವ ಹೊತ್ತಿಗೆ ಅವನ ಆಫೀಸಿನ ಜಗಳಗಳೆಲ್ಲ ಹೊರಬಂದಿದ್ದವು. ಹೋಗುವಾಗ, ಬರುವ ಭಾನುವಾರವೂ ಬರುತ್ತೇನೆ, ಕರೆದುಕೊಂಡು ಹೋಗಲಿಕ್ಕಲ್ಲ ಎಂದ. ಬಾ, ಆ ಕ್ಯಾಷಿಯರನ ಗಲಾಟೆ ಏನಾಯಿತೆಂದು ಹೇಳದೆ ಬಿಟ್ಟಿದ್ದೀಯ ಎಂದರು ಅಮ್ಮ.

ಬೀದಿಯಲ್ಲಿ ಇಂಜಿನಿಯರನ ಪದವಿ ಕೆಲವು ದಿನ ತೂಗುಯ್ಯಾಲೆಯಲ್ಲಿತ್ತು. ಮಕ್ಕಳು ಅವನನ್ನು ಕಂಡರೆ ಬಾಗಿಲೇನೂ ಕೆಟ್ಟಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಓಡುತ್ತಿದ್ದರು. ಅವನು ತಲೆ ತಗ್ಗಿಸಿ ಅಂಗಡಿಗೆ ಹೋಗಿ, ತಲೆ ತಗ್ಗಿಸಿಯೇ ಮಾಡುವ ಕೆಲಸದಲ್ಲಿ ಮುಳುಗುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಇನ್‌ಸ್ಪೆಕ್ಟರ್ ಮೇಡಂ ಅಂಗಡಿಯ ಮೆಟ್ಟಿಲು ಹತ್ತಿದರು. ಕನ್ನಡಕ ಮೂಗಿನ ಮೇಲೆ ಭದ್ರವಾಗಿಯೇ ಇತ್ತು. ಬೇರೆ ಗಿರಾಕಿ ಹೋಗುವ ತನಕ ಗಾಜಿನ ಪೆಟ್ಟಿಗೆಯ ಫ್ರೇಮುಗಳನ್ನು ನೋಡುತ್ತ ನಿಂತು, ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು. ಠಾಣೆಯ ಲಾಕಪ್ಪಿನ ಬಾಗಿಲು ಸಿಕ್ಕಿಹಾಕಿಕೊಂಡಿದೆಯಂತೆ. ಒಳಗಿರುವುದು ಕಳ್ಳನಲ್ಲವಂತೆ, ಕಸ ಗುಡಿಸಲು ಹೋದ ಹೆಡ್ ಕಾನ್‌ಸ್ಟೇಬಲ್ ಅಂತೆ.

ಇಂಜಿನಿಯರ್ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲನೆ ಕೆಳಗಿಟ್ಟ. ತಾನು ಬಾಗಿಲು ರಿಪೇರಿಯವನಲ್ಲ, ಬರೀ ಕನ್ನಡಕದವನು, ನಿಜವಾಗಿ ಹೇಳಬೇಕೆಂದರೆ ಇಂಜಿನಿಯರೂ ಅಲ್ಲ ಎಂದು ಜೀವನದಲ್ಲಿ ಮೊದಲ ಬಾರಿ ಬಾಯಿಬಿಟ್ಟು ಒಪ್ಪಿಕೊಂಡ.

"ಅದು ಗೊತ್ತು," ಎಂದರು ಮೇಡಂ. "ರಿಪೇರಿಯವನು ನಾಳೆ ಬರ್ತಾನೆ. ನಮ್ಮ ಮೇಲಿನ ಸಾಹೇಬರು ಇವತ್ತೇ ತಪಾಸಣೆಗೆ ಬರ್ತಿದಾರೆ. ಬಾಗಿಲ ಮುಂದೆ ನಿಂತು, ಕೆಟ್ಟಿಲ್ಲ ಅಂತ ಗಂಭೀರವಾಗಿ ಹೇಳೋರು ಒಬ್ಬರು ಬೇಕಿತ್ತು."

ಅವನು ಒಂದು ಗಾಜನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ನಿಧಾನವಾಗಿ ಒರೆಸಿದ.

"ಸಾಹೇಬರು ಎಷ್ಟು ಹೊತ್ತಿಗೆ ಬರ್ತಾರೆ?" ಎಂದ.